ಪಟ್ಟಿ ಉತ್ತರ ಕೊಡದ ಆ ಶ್ರಾವಣ

ಕಳೆದ ತಿಂಗಳು ಗುಂಡ್ಲುಪೇಟೆಯಲ್ಲಿ ಬಸ್ಸಿಳಿದಾಗ ಚೆಂಡು ಹೂವಿನ ವಾಸನೆ ಮೂಗಿಗೆ ಬಡಿಯಿತು. ಪೂಜೆಯ ತಟ್ಟೆಯ ಹೂವಿನ ವಾಸನೆಯಲ್ಲ ಅದು. ಸೋನೆ ಮಳೆಯಲ್ಲಿ ನೆಂದು, ಚೀಲದೊಳಗೆ ಒತ್ತಾಗಿ ಕೂತು, ಒಳಗೊಳಗೇ ಬಿಸಿಯೇರಿದ ಹೂವಿನ ಘಾಟು. ಸ್ವಲ್ಪ ಕಹಿ, ಸ್ವಲ್ಪ ಹಸಿ ಸೊಪ್ಪು, ಅದರಡಿಯಲ್ಲಿ ಕೊಳೆಯಲು ಶುರುವಾದದ್ದರ ಸಣ್ಣ ಸಿಹಿ. ವಾಸನೆ ನೆನಪನ್ನು ಎಬ್ಬಿಸುತ್ತದೆ ಎಂದು ಜನ ಹೇಳುವುದನ್ನು ನಾನು ಪೂರ್ತಿ ನಂಬುವವನಲ್ಲ. ಅದು ಎಬ್ಬಿಸುವುದು ನಡೆದದ್ದನ್ನೋ, ನಡೆದದ್ದರ ಬಗ್ಗೆ ನಾವು ಹೇಳಿ ಹೇಳಿ ನಯ ಮಾಡಿಕೊಂಡ ಕತೆಯನ್ನೋ, ಯಾರಿಗೆ ಗೊತ್ತು? ಆದರೂ ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತುಬಿಟ್ಟೆ. ಕೆಲವು ವರ್ಷಗಳ ಹಿಂದಿನ ಒಂದು ಶ್ರಾವಣ ಇನ್ನೂ ನನ್ನನ್ನು ಬಿಟ್ಟಿರಲಿಲ್ಲ. ಅದನ್ನು ನೆನಪಿರುವಂತೆ ಬರೆಯುತ್ತೇನೆ. ಅನುಮಾನ ಇರುವ ಕಡೆ ಅನುಮಾನವಿದೆ ಎಂದೇ ಹೇಳುತ್ತೇನೆ.

ಮೈಸೂರಿನಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಊರು ಕುದೇರಿಗೆ ಹಿಂತಿರುಗಿದವನು ನಾನು. ಯಾವ ಕೆಲಸದಲ್ಲೂ ಹೆಚ್ಚು ಕಾಲ ಕೂರುವ ಸ್ವಭಾವ ನನ್ನದಲ್ಲ. ಆ ವರ್ಷ ಹೂವು ಬೆಳೆಗಾರರ ಒಂದು ಕಂಪನಿಯಲ್ಲಿದ್ದೆ. ಕಂಪನಿ ಎಂದರೆ ರೈತರೇ ಸೇರಿ ಕಟ್ಟಿಕೊಂಡದ್ದು. ಚಾಮರಾಜನಗರದಲ್ಲಿ ಕಚೇರಿ, ಗುಂಡ್ಲುಪೇಟೆಯಲ್ಲಿ ಹೂವು ತಂದು ಸುರಿಯುವ ಶೆಡ್ಡು. ಕಚೇರಿಯ ಮೂಲೆಯಲ್ಲಿ ಒಂದು ಪೆಟ್ಟಿಗೆಯಂಥ ಸರ್ವರ್ ಇತ್ತು, ಕಂಪನಿಗೆ ಬರುವ ಇಮೇಲುಗಳನ್ನು ಹಿಡಿದಿಡುವುದು ಅದರ ಕೆಲಸ. ಅದನ್ನು ಕೂರಿಸಿ ಬೀಗ ಹಾಕಿಕೊಂಡವರು ಮೈಸೂರಿನ ಗುತ್ತಿಗೆದಾರರು. ಅದರ ದೂಳು ಒರೆಸಿ, ಅದು ನಿಂತಾಗ ಎಬ್ಬಿಸುವವನು ನಾನು. ಅದಕ್ಕೆಂದು ಪಾಸ್‌ವರ್ಡು ನನ್ನ ಬಳಿಯೂ ಇತ್ತು, ಏನನ್ನೂ ತಿದ್ದುವ ಹಕ್ಕು ಇರಲಿಲ್ಲ.

ಕಂಪನಿಯ ಕಾರ್ಯದರ್ಶಿ ಶಿವಮ್ಮ. ಹರವೆ ಕಡೆಯವರು. ಚಿಕ್ಕಂದಿನಲ್ಲಿ ಕಂಡವರ ಹೊಲದಲ್ಲಿ ಅರಿಶಿನ ಕಿತ್ತವರು, ಆಮೇಲೆ ಸ್ವಸಹಾಯ ಸಂಘ ನಡೆಸಿ, ಅಲ್ಲಿಂದ ಇಲ್ಲಿಗೆ ಬಂದವರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಖುಷಿಯಲ್ಲಿದ್ದಾಗ ತಮ್ಮ ಎಂದೂ, ಕೋಪದಲ್ಲಿದ್ದಾಗ ‘ಓದಿದೋನು’ ಎಂದೂ ಕರೆಯುತ್ತಿದ್ದರು.

ಆ ವರ್ಷ ಅಕ್ಕ ಒಂದು ಸಾಹಸ ಮಾಡಿದ್ದರು. ಓಣಂ ಹಬ್ಬಕ್ಕೆ ನಮ್ಮ ಚೆಂಡು ಹೂವು ಕೇರಳಕ್ಕೆ ಹೋಗುವುದು ಹೊಸದಲ್ಲ. ಆದರೆ ಹೋಗುತ್ತಿದ್ದದ್ದು ಮಂಡಿ ದಲ್ಲಾಳಿಗಳ ಕೈಯಿಂದ. ಅಕ್ಕ ವಯನಾಡಿನ ಹೂವು ಮಾರುವವರ ಒಂದು ಸಹಕಾರ ಸಂಘವನ್ನು ಹುಡುಕಿ, ಬಂಡೀಪುರದ ಕಾಡು ದಾಟಿ ಅಲ್ಲಿಗೆ ತಾವೇ ಹೋಗಿ, ನೇರ ಖರೀದಿಯ ಮಾತು ಮುಗಿಸಿ ಬಂದಿದ್ದರು. ಆ ಸಂಘದ ಆರ್ಡರು ಅವರ ಅಧಿಕೃತ ವಿಳಾಸದಿಂದ ಇಮೇಲಿನಲ್ಲಿ ಬರಬೇಕು. ಅದು ಬಂದ ಮೇಲೆ ನಾವು ಹೂವು ಕೊಯ್ದು ಲಾರಿಗೆ ತುಂಬಬೇಕು. ಇಷ್ಟೇ ಒಪ್ಪಂದ. ಇದು ಕಂಪನಿಯ ಅಧ್ಯಕ್ಷರಾದ ಪುಟ್ಟಮಾದಪ್ಪನವರಿಗೆ ಹಿಡಿಸಿರಲಿಲ್ಲ. ಅವರ ಭಾಮೈದನೇ ಮಂಡಿಯ ದೊಡ್ಡ ದಲ್ಲಾಳಿ.

ಶ್ರಾವಣ ಅರ್ಧ ಕಳೆದಿತ್ತು. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತರೆ ಏಳುತ್ತಿರಲಿಲ್ಲ. ಹೆದ್ದಾರಿಯ ಎರಡೂ ಬದಿಗೆ ಹೊಲಗಳು ಕೆಂಡ ಸುರಿದಂತೆ ಅರಳಿದ್ದವು, ಕೇರಳದ ಕಾರುಗಳು ನಿಂತು ಫೋಟೋ ತೆಗೆದುಕೊಂಡು ಹೋಗುತ್ತಿದ್ದವು. ಅರಳಿದ ಚೆಂಡು ಹೂವು ಗಿಡದ ಮೇಲೆ ಕೆಲವು ದಿನ ತಡೆಯುತ್ತದೆ, ಮಳೆ ಹಿಡಿದರೆ ಅದೂ ಇಲ್ಲ. ದಳದೊಳಗೆ ನೀರು ನಿಂತು ಬುಡದಿಂದ ಕಪ್ಪಾಗುತ್ತದೆ. ರೈತರು ದಿನಾ ಶೆಡ್ಡಿಗೆ ಬಂದು ಕೇಳುವುದು ಒಂದೇ ಮಾತು: ‘ಅಕ್ಕೋ, ಕುಯ್ಯನಾ?’

ಆರ್ಡರು ಬಂದಿರಲಿಲ್ಲ.

ವಯನಾಡಿನ ಸಂಘದ ಲೆಕ್ಕಿಗ ಶಾಜಿ ಎಂಬಾತನಿಗೆ ಅಕ್ಕ ಫೋನು ಮಾಡಿದರು. ಸ್ಪೀಕರಿನಲ್ಲಿ ಅವನ ಹರಕು ಕನ್ನಡ ನಾನೂ ಕೇಳಿದೆ.

‘ಕಳ್ಸಿದೆ ಮೇಡಂ, ತಿರ್ಗಿ ಬಂತು. ಇನ್ನೊಮ್ಮೆ ಕಳ್ಸಿದೆ, ಅದೂ ತಿರ್ಗಿ ಬಂತು. ನಿಮ್ಮ ಮಿಷನ್ ಹೇಳ್ತದೆ, ನಮ್ಮ ಅಡ್ರೆಸ್ ಕಪ್ಪುಪಟ್ಟೀಲಿ ಉಂಟಂತೆ. ನಮ್ಮ ಕಮಿಟಿಯವರಿಗೆ ಭಯಂಕರ ಬೇಜಾರು.’

‘ಬ್ಯಾರೆ ಅಡ್ರೆಸ್ಸಿಂದ ಕಳ್ಸಪ್ಪ.’

‘ಅದು ಆಗ್ಲಿಕ್ಕಿಲ್ಲ ಮೇಡಂ. ಕಮಿಟಿ ಹೇಳ್ತದೆ, ನಮ್ಮನ್ನು ಕಳ್ಳರು ಅಂದೋರ ಮನೆಗೆ ನಾವು ಹಿತ್ತಲ ಬಾಗಿಲಿಂದ ಯಾಕೆ ಹೋಗ್ಬೇಕು ಅಂತ. ಹೂವು ಬೇಕು, ಅದು ನಿಜ. ನಾನು ಮಾತು ಕೊಡ್ತೇನೆ. ಪೇಪರು ನಿಮ್ಮ ಮಿಷನ್ ಬಿಟ್ಟರೆ ಮಾತ್ರ.’

ಆ ವಾಪಸಾತಿಯ ಪ್ರತಿಯನ್ನು ಶಾಜಿ ವಾಟ್ಸಾಪಿನಲ್ಲಿ ಕಳಿಸಿದ. ಅದು ಹೇಗೋ ಸಂಜೆಯೊಳಗೆ ಪುಟ್ಟಮಾದಪ್ಪನವರ ಮೊಬೈಲಿಗೂ ಹೋಯಿತು. ಮಾರನೆಯ ಬೆಳಿಗ್ಗೆ ಅವರು ಕಚೇರಿಗೆ ಬಂದದ್ದೇ ಅದನ್ನು ಎತ್ತಿ ಹಿಡಿದುಕೊಂಡು.

‘ನೋಡಮ್ಮ ಶಿವಮ್ಮ, ಪ್ರಪಂಚದ ಕಪ್ಪುಪಟ್ಟಿಲಿ ಎಸ್ರಿರೋ ಪಾರ್ಟಿಗೆ ನಮ್ ರೈತ್ರುನ್ನ ಕಟ್ಟಾಕ್ಬುಟ್ಟಿದ್ದೀಯಲ್ಲ. ನಮ್ ಮಿಸೀನೇ ಇಡ್ದು ಕೊಟ್ಟದೆ. ಇನ್ನೇನ್ ಸಾಕ್ಸಿ ಬೇಕು?’

‘ನಾನು ಅವ್ರ ಅಂಗ್ಡಿ ನೋಡಿವ್ನಿ, ಮನೆ ನೋಡಿವ್ನಿ, ಅವ್ರ ಮನೇಲಿ ಉಂಡಿವ್ನಿ,’ ಎಂದರು ಅಕ್ಕ. ‘ಮಿಸೀನು ಏನ್ ನೋಡದೆ?’

‘ಅದ್ನೆಲ್ಲ ಸಭೇಲಿ ಏಳು.’

ಸಭೆ ಮೂರನೆಯ ದಿನಕ್ಕೆ ನಿಗದಿಯಾಯಿತು. ವಿಷಯ ಮುಚ್ಚುಮರೆಯದ್ದಲ್ಲ: ಕೇರಳದ ಒಪ್ಪಂದ ರದ್ದು, ಹೂವು ಮಂಡಿಗೆ, ಶಿವಮ್ಮ ಮನೆಗೆ.

ಮೈಸೂರಿನ ಗುತ್ತಿಗೆದಾರರ ಎಂಜಿನಿಯರಿಗೆ ನಾನು ಫೋನು ಮಾಡಿದೆ. ಆತ ನನಗಿಂತ ಚಿಕ್ಕವನು, ಆದರೆ ಮಾತಿನ ಧಾಟಿ ತಹಶೀಲ್ದಾರರದು. ‘ಆ ಪಟ್ಟಿ ಇಡೀ ಲೋಕ ಬಳಸ್ತದೆ ಸರ್. ಸ್ಪ್ಯಾಮ್ ಕಳಿಸೋರ ವಿಳಾಸ ಅದರಲ್ಲಿರ್ತದೆ. ನಮ್ಮ ಸರ್ವರ್ ಪ್ರತಿ ಮೇಲಿಗೂ ಅದನ್ನ ಕೇಳ್ತದೆ. ಪಟ್ಟಿ ಹೌದು ಅಂದ್ರೆ ಮುಗೀತು. ನೀವು ಗುಂಡ್ಲುಪೇಟೇಲಿ ಕೂತು ಅದನ್ನ ಸುಳ್ಳು ಅಂತೀರಾ?’

‘ನಾನು ಚಾಮರಾಜನಗರದಲ್ಲಿ ಕೂತಿದ್ದೀನಿ,’ ಎಂದೆ. ‘ಪಟ್ಟಿ ಹೌದು ಅಂದಿದ್ದನ್ನ ನೀವು ನೋಡಿದ್ದೀರಾ?’

‘ನೋಡೋದೇನಿದೆ? ಉತ್ತರ ಬಂದಿದೆ, ಅದಕ್ಕೇ ಬ್ಲಾಕ್ ಆಗಿದೆ.’

ಈ ಒಂದು ಮಾತು ನನ್ನನ್ನು ಚುಚ್ಚಿತು. ಉತ್ತರ ಬಂದಿದೆ ಸರಿ, ಏನಂತ ಬಂದಿದೆ?

ಓದುವವರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ಇಂಟರ್ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಅಂಕಿಗಳ ಒಂದು ವಿಳಾಸವಿದೆ. ಇಮೇಲು ಬಂದಾಗ ನಮ್ಮ ಸರ್ವರ್ ಅದನ್ನು ಕಳಿಸಿದ ಯಂತ್ರದ ವಿಳಾಸ ಹಿಡಿದು ಪಟ್ಟಿಯವರನ್ನು ಕೇಳುತ್ತದೆ, ಇವರು ನಿಮ್ಮಲ್ಲಿದ್ದಾರೆಯೇ ಎಂದು. ಇಲ್ಲದಿದ್ದರೆ ‘ಅಂಥ ಹೆಸರಿಲ್ಲ’ ಎಂದು ಬರುತ್ತದೆ. ಇದ್ದರೆ ಒಂದು ನಿಗದಿತ ಸಂಖ್ಯೆ ಬರುತ್ತದೆ. ಇವೆರಡೂ ಅಲ್ಲದ ಮೂರನೆಯದೂ ಒಂದಿದೆ. ಕೇಳಿದ ರೀತಿಯೇ ಸರಿಯಿಲ್ಲದಿದ್ದರೆ ಪಟ್ಟಿಯವರು ಬೇರೊಂದು ಸಂಖ್ಯೆ ಕೊಡುತ್ತಾರೆ. ಅದರ ಅರ್ಥ: ನೀನು ಈ ದಾರಿಯಿಂದ ಬಂದರೆ ನಾನು ಉತ್ತರ ಕೊಡುವುದಿಲ್ಲ. ಅದು ಕೇಳಿದವನಿಗೆ ಹೇಳಿದ ಮಾತು, ಯಾರ ಬಗ್ಗೆ ಕೇಳಿದನೋ ಅವನ ಬಗ್ಗೆ ಅಲ್ಲ.

ಸರ್ವರಿನ ದಾಖಲೆ ತೆರೆದು ಓದಿದೆ. ನಮಗೆ ಬರುತ್ತಿದ್ದದ್ದು ಆ ಮೂರನೆಯದು. ಹಿಂದಿನ ವಾರ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ್ದರು. ಜೋಡಿಸಲು ಬಂದ ಲೈನಿನವನು ನಮ್ಮ ಪ್ರಶ್ನೆಗಳೆಲ್ಲ ಊರಿಗೆಲ್ಲ ಒಂದೇ ಆದ ಸಾರ್ವಜನಿಕ ದಾರಿಯಿಂದ ಹೋಗುವಂತೆ ಮಾಡಿ ಹೋಗಿದ್ದ. ಆ ಗುಂಪಿನಲ್ಲಿ ಯಾರು ಕೇಳುತ್ತಿದ್ದಾರೆಂದು ಪಟ್ಟಿಯವರಿಗೆ ತಿಳಿಯುವುದಿಲ್ಲ. ಹಾಗಾಗಿ ಅವರು ಆ ದಾರಿಗೆ ಉತ್ತರ ಕೊಡುವುದಿಲ್ಲ. ಗುತ್ತಿಗೆದಾರರು ಸರ್ವರಿಗೆ ಕಲಿಸಿದ್ದೋ, ಯಾವ ಸಂಖ್ಯೆ ಬಂದರೂ ಅಪರಾಧಿ ಎಂದು. ಮತ್ತೆ ಇಷ್ಟು ದಿನ ಯಾರಿಗೂ ಯಾಕೆ ತಿಳಿಯಲಿಲ್ಲ? ದೊಡ್ಡ ದೊಡ್ಡ ಮೇಲ್ ಕಂಪನಿಗಳಿಂದ ಬಂದದ್ದನ್ನು ವಿಚಾರಿಸದೆ ಒಳಗೆ ಬಿಡಬೇಕೆಂದೂ ಅವರೇ ಕಲಿಸಿದ್ದರು. ವಿಚಾರಣೆ ಇದ್ದದ್ದು ಸ್ವಂತ ಸಣ್ಣ ಸರ್ವರ್ ಇಟ್ಟುಕೊಂಡ ವಯನಾಡಿನ ಸಂಘದಂಥವರಿಗೆ ಮಾತ್ರ. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಕಂಪ್ಯೂಟರಿನ ಮೇಲಿನದಾಗಿರಲಿಲ್ಲ.

‘ಸರಿ ಮಾಡ್ಬುಡು ಮತ್ತೆ,’ ಎಂದರು ಅಕ್ಕ, ನಾನು ಇದನ್ನೆಲ್ಲ ವಿವರಿಸಿದ ಮೇಲೆ.

ಪುಟ್ಟಮಾದಪ್ಪನವರು ಬಾಗಿಲಲ್ಲೇ ಇದ್ದರು. ‘ಯಾರೂ ಮುಟ್ಕೂಡ್ದು. ಗುತ್ತಿಗೆ ಅವ್ರದು. ಸಭೆ ಆಗೋಗಂಟ ಮಿಸೀನ್ ಎಂಗದೋ ಅಂಗೇ ಇರ್ಲಿ.’

ಸಭೆಯ ದಿನ ಬೆಳಗಿನಿಂದ ಮಳೆ. ನಿರ್ದೇಶಕರು ನೆಂದ ಕೊಡೆಗಳನ್ನು ಕಚೇರಿಯ ಗೋಡೆಗೆ ಒರಗಿಸಿ ಕೂತರು. ನಾನು ಗೋಡೆಯ ಮೇಲೆ ಲ್ಯಾಪ್‌ಟಾಪಿನ ಪರದೆಯನ್ನು ದೊಡ್ಡದಾಗಿ ಬೀಳಿಸಿ, ಸರ್ವರ್ ಕೇಳುವ ಹಾಗೆಯೇ ಪಟ್ಟಿಯನ್ನು ಎಲ್ಲರೆದುರಿಗೆ ಕೇಳಿದೆ. ಮೊದಲು ವಯನಾಡಿನ ಸಂಘ. ಸಂಖ್ಯೆ ಬಂತು. ‘ನೋಡಿದ್ರಾ!’ ಎಂದರು ಅಧ್ಯಕ್ಷರು. ಆಮೇಲೆ ನಮ್ಮದೇ ಕಚೇರಿಯ ವಿಳಾಸ ಕೇಳಿದೆ. ಅದೇ ಸಂಖ್ಯೆ. ಮೈಸೂರಿನ ಗುತ್ತಿಗೆದಾರರದು. ಅದೇ. ಯಾರೂ ಯಾವತ್ತೂ ಪಟ್ಟಿಗೆ ಸೇರಿಸುವಂತಿಲ್ಲ ಎಂದು ನಿಯಮವಿರುವ ಒಂದು ಪರೀಕ್ಷೆಯ ವಿಳಾಸವಿದೆ. ಅದನ್ನೂ ಕೇಳಿದೆ. ಅದೇ.

ಹಿಂದೆ ಕೂತಿದ್ದ ಹಿರಿಯ ನಿರ್ದೇಶಕ ಸಿದ್ದಯ್ಯ ಕೇಳಿದರು: ‘ಅಧ್ಯಕ್ಸರ ಕಲ್ಯಾಣ ಮಂಟಪಕ್ಕೂ ಅದೇನೋ ವೆಬ್‌ಸೈಟ್ ಅದಲ್ಲ, ಅದ್ನೂ ಕೇಳ್ಲಾ.’

ಕೇಳಿದೆ. ಅದೇ ಸಂಖ್ಯೆ.

ಸಭೆ ಬಿದ್ದು ಬಿದ್ದು ನಕ್ಕಿತು. ‘ಕಪ್ಪುಪಟ್ಟಿ ಮಂಟಪದಲ್ಲಿ ನನ್ ಮಗ್ಳ ಮದ್ವೆ ಮಾಡ್ಬುಟ್ನಲ್ಲಪ್ಪ, ಈಗ ಅಳಿಯನ್ನ ವಾಪಸ್ ಕಳ್ಸನಾ?’ ಎಂದರು ಸಿದ್ದಯ್ಯ. ಪುಟ್ಟಮಾದಪ್ಪನವರು ನಗಲಿಲ್ಲ. ‘ಆಟ ಆಡ್ಬೇಡಿ. ಎಲ್ಲಾ ಕಳ್ರು ಅಂದ್ರೆ ಏನರ್ಥ? ಆ ನಂಬರ್‌ಗೆ ಒಂದು ಅರ್ಥ ಇರ್ಬೇಕಲ್ಲ?’

ಮುಂದಿನದನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ: ನಾನು ಎದ್ದು ಹೋಗಿ ಸಿದ್ದಯ್ಯನವರ ಹೆಗಲ ಮೇಲಿನ ಟವಲು ಎಳೆದುಕೊಂಡೆ. ಶಿವಮ್ಮಕ್ಕ ಈಗಲೂ ಹೇಳುವುದು, ಎಳೆದದ್ದು ತಾವು, ನಾನು ಬಾಯಿಬಿಟ್ಟುಕೊಂಡು ನಿಂತಿದ್ದೆ ಎಂದು. ಅವರು ಹೇಳಿದ್ದೇ ಸರಿ ಇರಬಹುದು. ತೆರಕಣಾಂಬಿಯ ದನದ ಸಂತೆಯ ವ್ಯವಹಾರ ನನಗಿಂತ ಅವರಿಗೆ ಹತ್ತಿರದ್ದು. ಆದರೆ ಟವಲಿನ ನೆಂದ ಉಣ್ಣೆಯಂಥ ವಾಸನೆ ನನ್ನ ಮೂಗಿನಲ್ಲಿದೆ. ಅದೊಂದಕ್ಕೆ ನನ್ನ ಬಳಿ ವಿವರಣೆಯಿಲ್ಲ.

ಸಂತೆಯಲ್ಲಿ ಎತ್ತಿನ ದರವನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನ ದಲ್ಲಾಳಿಯೂ ಒಂದು ಟವಲಿನಡಿ ಕೈ ತೂರಿಸಿ ಬೆರಳು ಹಿಡಿದು ದರ ಹೇಳುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯದು. ಯಾರು ಎಳೆದರೋ ಏನೋ, ಟವಲಂತೂ ಸಿದ್ದಯ್ಯನವರ ಕೈಯ ಮೇಲೆ ಬಿತ್ತು.

‘ಏನ್ಲಾ, ಎತ್ತೇನಾರ ಮಾರೀಯಾ?’ ಎಂದರು ಅವರು.

‘ಸಿದ್ದಣ್ಣ, ಸಂತೆಲಿ ನೀನ್ ಕೈ ಕೊಟ್ಟೆ, ದಲ್ಲಾಳಿ ನಿನ್ ಬೆರಳೇ ಇಡೀದೆ ಕೈ ಎಳ್ಕಂಡ. ಅಂದ್ರೆ ಏನು?’ ಎಂದರು ಅಕ್ಕ. ಈ ಮಾತು ಅವರದೇ. ಇದರಲ್ಲಿ ಅನುಮಾನವಿಲ್ಲ.

‘ನನ್ ತಾವ ಯಾಪಾರ ಬ್ಯಾಡ ಅಂತ.’

‘ನಿನ್ ಎತ್ತು ಕುಂಟು ಅಂತ ಅಲ್ವಾ?’

‘ಎತ್ತಿನ್ ಮಾತೆಲ್ಲಿ ಬಂತಮ್ಮಿ? ಕೈನೇ ಕೊಡ್ಲಿಲ್ವಲ್ಲ ಅವ್ನು.’

‘ನಮ್ ಮಿಸೀನು ಸಂತೆಗೋಗಿ ಕೈ ಕೊಟ್ಟದೆ. ಪಟ್ಟಿಯೋರು ಕೈ ಎಳ್ಕಂಡವ್ರೆ. ಇದು ಮನೆಗ್ ಬಂದು ವಯನಾಡೋರ ಎತ್ತು ಕುಂಟು ಅಂತ ಊರ್ಗೆಲ್ಲ ಸಾರ್ಬುಟ್ಟದೆ. ಅಷ್ಟೇ ಆಗಿರಾದು.’

ಅಲ್ಲಿಗೆ ಮುಗಿಯಬೇಕಿತ್ತು. ನನ್ನಂಥ ಓದಿದವರು ಸತ್ಯ ತೋರಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಪುಟ್ಟಮಾದಪ್ಪನವರು ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, ಬರೆದು ತಂದಿದ್ದ ನಿರ್ಣಯವನ್ನು ಓದಿದರು. ತಾಂತ್ರಿಕ ಗೊಂದಲ ಏನೇ ಇರಲಿ, ಲಿಖಿತ ಆರ್ಡರು ಬಂದಿಲ್ಲ. ಒಪ್ಪಂದ ರದ್ದು. ಹೂವು ನಾಳೆಯೇ ಮಂಡಿಗೆ. ಕಾರ್ಯದರ್ಶಿಯನ್ನು ಇಂದಿನಿಂದಲೇ ಬಿಡುಗಡೆ ಮಾಡಲಾಗಿದೆ. ಓದಿ ಕೂತರು.

ನಮ್ಮ ಸಭೆಗಳಲ್ಲಿ ಒಂದು ಪದ್ಧತಿಯಿದೆ. ಅಧ್ಯಕ್ಷರು ಓದುತ್ತಾರೆ, ಉಳಿದವರು ಸುಮ್ಮನಿರುತ್ತಾರೆ, ಗುಮಾಸ್ತ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆಯುತ್ತಾನೆ. ಸುಮ್ಮನಿದ್ದವರೆಲ್ಲ ಒಪ್ಪಿದವರು. ನಾನು ನೋಡಿದ ಪ್ರತಿ ಸಭೆಯೂ ಹೀಗೇ ಮುಗಿದದ್ದು. ಈಗಷ್ಟೇ ನಕ್ಕವರೂ ಸೇರಿ ಎಲ್ಲರೂ ತಲೆ ತಗ್ಗಿಸಿ ಕೂತರು. ಎದುರಾಡಿದವರ ಹೂವನ್ನು ಮಂಡಿಯಲ್ಲಿ ಕೊನೆಗೆ ತೂಗುತ್ತಾರೆ. ಅದು ಎಲ್ಲರಿಗೂ ಗೊತ್ತಿತ್ತು. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.

‘ಬರೀಬೇಡಪ್ಪ,’ ಎಂದರು ಶಿವಮ್ಮಕ್ಕ.

ಅವರು ಎದ್ದು ನಿಂತಿರಲಿಲ್ಲ. ದನಿ ಏರಿಸಿರಲಿಲ್ಲ.

‘ಇಷ್ಟೊತ್ತು ಏನ್ ನೋಡುದ್ರಿ ಗೋಡೆ ಮ್ಯಾಲೆ? ಉತ್ತರ ಕೊಡ್ದೆ ಇರೋದ್ನ ಉತ್ತರ ಅಂತ ಬರ್ಕಂಡಿದ್ದುಕ್ಕೆ ತಾನೆ ಇಷ್ಟೆಲ್ಲ ಆಗಿರಾದು? ನೀವೂ ಅದೇ ಮಾಡೀರಾ? ನನ್ನ ತೆಗೀಬೇಕು ಅಂದ್ರೆ ತೆಗೀರಿ. ಒಬ್ಬೊಬ್ರೂ ಬಾಯ್ಬುಟ್ಟು ಏಳಿ. ಏಳ್ದೆ ಇದ್ದೋರ ಎಸ್ರು ಮುಂದೆ ಏನೂ ಏಳ್ಳಿಲ್ಲ ಅಂತ ಬರೀಲಿ. ಅದ್ನ ಊ ಅಂತ ಬರ್ದ್ರೆ ನಾನು ಇಲ್ಲಿಂದ ಕದಲಾಕಿಲ್ಲ.’

‘ಅಂಗೆಲ್ಲ ಪದ್ದತಿ ಇಲ್ಲ ಕಣಮ್ಮ.’

‘ಇವತ್ತಿಂದ ಅದೆ ಅನ್ಕಳಿ.’

ಮೊದಲು ಸಿದ್ದಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. ‘ನನ್ ಊವ ಕೊನೆಗ್ ತೂಗ್ಲಿ, ತೂಗ್ದೆ ಓಗ್ಲಿ. ನಾ ಈ ನಿರ್ಣಯ ಬ್ಯಾಡ ಅಂತೀನಿ. ಬರ್ಕಳ್ಲಾ.’ ಅವರ ಪಕ್ಕದ ನಿರ್ದೇಶಕಿ ನಿಂಗಮ್ಮ ಸೆರಗು ಸರಿಮಾಡಿಕೊಂಡು ‘ನಂಗೂ ಬ್ಯಾಡ’ ಎಂದರು. ಅಧ್ಯಕ್ಷರ ಕಡೆಯ ಒಬ್ಬರು ‘ಬೇಕು’ ಎಂದರು, ಗೋಡೆ ನೋಡಿಕೊಂಡು. ಉಳಿದವರು ಏನೂ ಹೇಳಲಿಲ್ಲ. ಗುಮಾಸ್ತ ಒಂದೊಂದೇ ಹೆಸರಿನ ಮುಂದೆ ಹಾಗೆಯೇ ಬರೆಯುತ್ತ ಹೋದ. ತಮ್ಮ ಹೆಸರಿನ ಮುಂದೆ ಏನು ಬೀಳುತ್ತಿದೆಯೆಂದು ಕೆಲವರು ಕತ್ತು ಚಾಚಿ ನೋಡಿದರು. ಹಾಗೆ ನೋಡಿದವರಲ್ಲೊಬ್ಬರು, ‘ತಡಿಯಪ್ಪ, ನಂದು ಬ್ಯಾಡ ಅಂತ ಮಾಡು’ ಎಂದು ತಿದ್ದಿಸಿದರು.

ಕೊನೆಗೆ ಅಕ್ಕ ಪುಟ್ಟಮಾದಪ್ಪನವರ ಕಡೆ ತಿರುಗಿದರು. ‘ಓದಿದ್ದು ನೀವು. ನಿಮ್ ಬಾಯಲ್ಲಿ ಏನ್ ಬತ್ತದೆ ಅಧ್ಯಕ್ಸರೇ? ನನ್ ಮುಖ ನೋಡಿ ಏಳ್ಬುಡಿ.’

ಅವರು ಕಾಗದ ಮಡಚಿದರು. ಕೊಡೆ ಎತ್ತಿಕೊಂಡರು. ಏನೂ ಹೇಳಲಿಲ್ಲ. ಅವರ ಹೆಸರಿನ ಮುಂದೆಯೂ ಅದೇ ಬಿತ್ತು. ‘ಬೇಕು’ ಎಂದವರು ಒಬ್ಬರೇ. ನಿರ್ಣಯ ಬಿದ್ದುಹೋಯಿತು.

ಅವತ್ತು ಸಂಜೆಯೇ ನಾನು ಯಾರನ್ನೂ ಕೇಳದೆ ಸರ್ವರಿಗೆ ಕೈ ಹಾಕಿದೆ. ಮೈಸೂರಿನ ಎಂಜಿನಿಯರ್ ಫೋನಿನಲ್ಲಿ ‘ಅನುಮಾನ ಇದ್ರೆ ತಡೆಯೋದೇ ಸೇಫ್ ಸರ್, ರೂಲ್ ಅದು’ ಎಂದು ಕೂಗುತ್ತಲೇ ಇದ್ದ. ಯಾರಿಗೆ ಸೇಫ್ ಎಂದು ಕೇಳಿ ಫೋನು ಇಟ್ಟೆ. ನಮ್ಮ ಪ್ರಶ್ನೆ ಗುಂಪಿನ ದಾರಿ ಬಿಟ್ಟು ನೇರವಾಗಿ ಪಟ್ಟಿಯವರಿಗೆ ಹೋಗುವಂತೆ ಮಾಡಿದೆ. ಪಟ್ಟಿಯಲ್ಲಿದ್ದಾರೆ ಎಂದು ನಿಜವಾಗಿ ಹೇಳುವ ಸಂಖ್ಯೆಗಳು ಬಂದರೆ ಮಾತ್ರ ತಡೆ. ಬೇರೆ ಸಂಖ್ಯೆ ಬಂದರೆ, ಏನೂ ಬಾರದಿದ್ದರೆ, ಮೇಲು ಒಳಗೆ ಬರಲಿ, ನನಗೊಂದು ಸೂಚನೆ ಬರಲಿ. ದೊಡ್ಡ ಕಂಪನಿಗಳಿಗಿದ್ದ ವಿನಾಯಿತಿಯನ್ನು ಅಳಿಸಿ ಹಾಕಿದೆ. ವಿಚಾರಣೆ ಎಂದರೆ ಎಲ್ಲರಿಗೂ ವಿಚಾರಣೆ. ಆಮೇಲೆ ಒಂದಿಷ್ಟು ಕಸದ ಮೇಲು ಹೆಚ್ಚು ಬಂತು ಎನ್ನುವುದು ನಿಜ. ಲಾಟರಿ ಗೆದ್ದಿದ್ದೀರಿ ಎನ್ನುವವರನ್ನು ನಾವೇ ಕೈಯಾರೆ ಅಳಿಸಿದೆವು. ಅಳಿಸುವುದು ಕೆಲಸ, ಆದರೆ ಯಾರಿಗೂ ಅವಮಾನವಲ್ಲ.

ವಯನಾಡಿನ ಸಂಘಕ್ಕೆ ಕ್ಷಮೆ ಕೇಳಿ ಅಕ್ಕ ತಮ್ಮ ಹೆಸರಿನಲ್ಲೇ ಬರೆಸಿದರು. ‘ತಪ್ಪು ಮಿಸೀನಿನದು’ ಎಂದು ನಾನು ಸೇರಿಸಿದ್ದನ್ನು ಹೊಡೆಸಿ ಹಾಕಿದರು. ‘ಮಿಸೀನು ಯಾರ್ದು, ಓದಿದೋನೇ?’

ಆರ್ಡರಿಗೆ ಕಾಯಲಿಲ್ಲ. ಶಾಜಿಯ ಬಾಯಿಮಾತಿನ ಮೇಲೆ ಮರುದಿನ ಬೆಳಗಿನ ಜಾವವೇ ಕೊಯ್ಲಿಗೆ ಹೇಳಿದರು. ಅದು ಅವರ ಕುತ್ತಿಗೆಗೆ ಅವರೇ ಹಾಕಿಕೊಂಡ ಹಗ್ಗ. ಮಾತು ತಪ್ಪಿದರೆ ಅವರನ್ನು ಉಳಿಸಲು ಯಾವ ಸಭೆಯೂ ಇರಲಿಲ್ಲ. ಮಳೆ ಬಿಟ್ಟಿತ್ತೋ ಇಲ್ಲವೋ ನನಗೆ ಸರಿಯಾಗಿ ನೆನಪಿಲ್ಲ, ಬಿಟ್ಟಿತ್ತು ಎಂದು ಬರೆಯಲು ಆಸೆಯಾಗುತ್ತದೆ. ಹೆಂಗಸರು ಮಡಿಲು ತುಂಬ ಹೂವು ತಂದು ಸುರಿದದ್ದು, ಶೆಡ್ಡಿನ ನೆಲ ಕಾಣದಾದದ್ದು, ಎಲ್ಲರ ಬೆರಳೂ ಹಳದಿಯಾದದ್ದು ನೆನಪಿದೆ. ವಯನಾಡಿನ ದಾರಿಯ ಬಂಡೀಪುರ ಕಾಡಿನ ಗೇಟು ಕತ್ತಲಾದ ಮೇಲೆ ಮುಚ್ಚುತ್ತದೆ. ಅದಕ್ಕೆ ಮುಂಚೆ ಲಾರಿ ದಾಟದಿದ್ದರೆ ಹೂವು ರಾತ್ರಿಯೆಲ್ಲ ಚೀಲದಲ್ಲಿ ಬೇಯುತ್ತದೆ.

ಲಾರಿಗೆ ಟಾರ್ಪಾಲು ಹೊದಿಸುತ್ತಿದ್ದಾಗ ನನ್ನ ಮೊಬೈಲು ಸದ್ದು ಮಾಡಿತು. ವಯನಾಡಿನ ಸಂಘದ ಆರ್ಡರು, ಸಹಿ ಮೊಹರಿನೊಂದಿಗೆ. ನಾನು ಕೆಸರಿನಲ್ಲಿ ಓಡಿದೆ. ಅಕ್ಕ ಲಾರಿಯ ಹಿಂದೆ ನಿಂತು, ಒಂದು ಕಾಲು ಚಕ್ರಕ್ಕೆ ಒತ್ತಿಕೊಂಡು, ಎರಡೂ ಕೈಯಲ್ಲಿ ಹಗ್ಗ ಜಗ್ಗುತ್ತಿದ್ದರು.

‘ಅಕ್ಕಾ, ಬಂತು! ಮೇಲು ಬಂತು! ನೋಡಿ!’

ಅವರು ನೋಡಲಿಲ್ಲ.

‘ಬರ್ಲಿ ಬುಡು,’ ಎಂದರು. ‘ಅದ್ನ ಜೋಬಿಗಾಕಂಡು ಈ ತುದಿ ಇಡ್ಕೊ ಮೊದ್ಲು. ಗೇಟ್ ಮುಚ್ಬುಡ್ತಾರೆ.’